ಕ್ಯಾಮೆರಾ ಕಿಟಕಿಗೆ ಇಟ್ಟ ಕುಂಕುಮ

ಹೋದ ವಾರ ಆಂಡರ್ಸನ್‌ಪೇಟೆಯ ನಮ್ಮ ಬೀದಿಯ ತಿರುವಿನಲ್ಲಿ ನಾಯಿಯೊಂದು ನನ್ನ ಕಾಲಿಗೆ ಬಾಯಿ ಹಾಕಿತು. ಎಷ್ಟೋ ವರ್ಷದಿಂದ ನನ್ನ ಕೈಯಿಂದಲೇ ಬಿಸ್ಕತ್ತು ತಿಂದ ನಾಯಿ. ಅದರ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಸೂಜಿ ಚುಚ್ಚಿಸಿಕೊಳ್ಳಲೇಬೇಕಲ್ಲ ಎಂದು ಆಸ್ಪತ್ರೆಗೆ ಹೋದೆ. ನರ್ಸಮ್ಮ ಪುಟ್ಟ ಗಾಜಿನ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು, ಅದಕ್ಕೆ ಬೆರೆಸುವ ನೀರಿನ ಸೀಸೆ ಹುಡುಕುತ್ತಿದ್ದರು. ಬಾಟಲಿಯ ತಳದಲ್ಲಿ ಔಷಧ ಕರ್ಪೂರದ ಬಿಲ್ಲೆಯ ಹಾಗೆ ಬೆಳ್ಳಗೆ ಕೂತಿತ್ತು. ನನ್ನ ಕೈ ತಾನಾಗಿಯೇ ಹೋಗಿ ಅದನ್ನೆತ್ತಿ ಟ್ಯೂಬ್‌ಲೈಟಿಗೆ ಹಿಡಿಯಿತು.

"ಏನಮ್ಮಾ ನೋಡ್ತಾ ಇದೀರಾ? ಡೇಟು ಇನ್ನೂ ಐತೆ, ಬಯಪಡಬ್ಯಾಡಿ," ಎಂದರು ನರ್ಸಮ್ಮ.

ನಾನು ಡೇಟು ನೋಡುತ್ತಿರಲಿಲ್ಲ. ಬಿಲ್ಲೆ ಸುತ್ತಲೂ ಗಾಜಿನಿಂದ ಸಮನಾಗಿ ಬಿಟ್ಟುಕೊಂಡಿದೆಯೇ, ಮೇಲೆ ಬಿರುಕಿದೆಯೇ, ತಳದಲ್ಲಿ ಕರಗಿ ಅಂಟಿದೆಯೇ ಎಂದು ನೋಡುತ್ತಿದ್ದೆ. ಎಲ್ಲವೂ ಸರಿಯಿತ್ತು. "ದಡಿ ಚೆಂದ ಬಂದೈತಿ" ಎಂದು ಬಾಯಿಂದ ಬಿದ್ದೇ ಹೋಯಿತು. ಅದು ನನ್ನ ಮಾತಲ್ಲ. ನಾನು ಬೂದಿಕೋಟೆ ಕಡೆಯವಳು, ನಮ್ಮಲ್ಲಿ ಸೀರೆಯ ಅಂಚಿಗೆ ಯಾರೂ ದಡಿ ಅನ್ನುವುದಿಲ್ಲ. ಅದು ನನ್ನ ಜೊತೆ ಕೆಲಸಕ್ಕಿದ್ದ ಬಿಜಾಪುರದ ಅಕ್ಕನ ಮಾತು. ಸತ್ತ ಮೇಲೂ ನನ್ನ ಬಾಯಲ್ಲಿ ಕೂತು ಮಾತಾಡುತ್ತಾಳಲ್ಲ ಎಂದು, ನಾಯಿಯ ಮೇಲೆ ಬರದಿದ್ದ ಸಿಟ್ಟು ಅವಳ ಮೇಲೆ ಬಂತು.

ಬಂಗಾರಪೇಟೆಯ ಹೊರಗಿರುವ ಔಷಧ ಕಾರ್ಖಾನೆಯಲ್ಲಿ ನನಗೆ ಕೆಲಸ. ನೀರಿನಲ್ಲಿಟ್ಟರೆ ಬೇಗ ಕೆಡುವ ಇಂಜೆಕ್ಷನ್ ಔಷಧಗಳನ್ನು ಅಲ್ಲಿ ಒಣಗಿಸಿ ಬಿಲ್ಲೆ ಮಾಡುತ್ತೇವೆ. ಹಪ್ಪಳ ಬಿಸಿಲಿಗೆ ಹಾಕಿದ ಹಾಗಲ್ಲ. ಔಷಧವನ್ನು ಬಾಟಲಿಗೆ ತುಂಬಿ, ಯಂತ್ರದೊಳಗಿಟ್ಟು ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿ, ಆಮೇಲೆ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತೇವೆ. ಆಗ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಔಷಧ ಮಾತ್ರ ಉಳಿಯುತ್ತದೆ. ಅವಸರಪಟ್ಟು ಶಾಖ ಏರಿಸಿದರೆ ಬಿಲ್ಲೆ ಕುಸಿದು ಅಂಟಾಗುತ್ತದೆ. ಹೆದರಿ ಶಾಖ ಇಳಿಸಿದರೆ ಯಂತ್ರ ದಿನಗಟ್ಟಲೆ ಓಡುತ್ತಲೇ ಇರುತ್ತದೆ. ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಮುಂಚೆ ಒಂದೆರಡು ಬಾಟಲಿಗಳಿಗೆ ತಂತಿ ಇಳಿಬಿಟ್ಟು ಶಾಖ ಅಳೆಯುತ್ತಿದ್ದರು. ತಂತಿ ಮುಟ್ಟಿದ ಬಾಟಲಿ ಉಳಿದವುಗಳ ಹಾಗೆ ಒಣಗುವುದಿಲ್ಲ. ಹಾಗಾಗಿ ಆ ತಂತಿ ಹೇಳುತ್ತಿದ್ದುದು ತನ್ನ ಬಾಟಲಿಯ ಕಥೆಯನ್ನು ಮಾತ್ರ.

ನಾನು ಬಿ.ಎಸ್‌ಸಿ. ಮುಗಿಸಿ ಸೇರಿದ್ದು ತಪಾಸಣೆಯ ಬೂತಿಗೆ. ಒಂದು ಕಪ್ಪು ಹಲಗೆ, ಒಂದು ಬಿಳಿ ಹಲಗೆ, ನೆತ್ತಿಯ ಮೇಲೆ ದೀಪ. ಅದರ ಮುಂದೆ ಕೂತು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕೂದಲು, ಚುಕ್ಕಿ, ಗೀರು ಹುಡುಕಬೇಕು. ಚುಕ್ಕಿ ಕಂಡರೆ ಬಾಟಲಿಯನ್ನು ತಿರುಗಿಸಬೇಕು. ಚುಕ್ಕಿಯೂ ಜೊತೆಗೆ ತಿರುಗಿದರೆ ಅದು ಬಾಟಲಿಯದು. ಇದ್ದಲ್ಲೇ ಇದ್ದರೆ ಅದು ದೀಪದ್ದೋ ಹಲಗೆಯದೋ ನಮ್ಮ ಕನ್ನಡಕದ್ದೋ ಆಗಿರುತ್ತದೆ. ಬೂತಿಗೆ ಬಂದವರಿಗೆ ಹೇಳಿಕೊಡುವ ಮೊದಲ ಪಾಠ ಇದು. ಸಂಜೆ ಮನೆಗೆ ಬಂದರೆ ಅನ್ನದ ಅಗುಳೂ ಚುಕ್ಕಿಯಾಗಿ ಕಾಣುತ್ತಿತ್ತು. ಆ ಬೂತಿನಿಂದ ಹೊರಗೆ ಬೀಳುವುದೊಂದೇ ಆಗ ನನ್ನ ಆಸೆ.

ಹಾಗಿರುವಾಗ ನಮ್ಮ ಪ್ರಯೋಗಾಲಯದ ಸಣ್ಣ ಯಂತ್ರಕ್ಕೆ ಶಾಖ ಕಾಣುವ ಕ್ಯಾಮೆರಾ ಬಂತು. ಯಂತ್ರದ ನೆತ್ತಿಯ ಮೇಲೆ ಕನ್ನಡಿಯ ಹಾಗೆ ಹೊಳೆಯುವ ಬೂದುಬಣ್ಣದ ಕಿಟಕಿ. ನಮ್ಮ ಕಣ್ಣಿಗೆ ಅದರಾಚೆ ಏನೂ ಕಾಣದು, ಕ್ಯಾಮೆರಾಕ್ಕೆ ಮಾತ್ರ ಒಳಗಿನ ಅಷ್ಟೂ ಬಾಟಲಿಗಳ ಬಿಸಿ-ತಂಪು ಬಣ್ಣಬಣ್ಣವಾಗಿ ಕಾಣುತ್ತದೆ. ಯಾವುದನ್ನೂ ಮುಟ್ಟದೆ ಎಲ್ಲವನ್ನೂ ನೋಡುವ ಉಪಾಯ. ನಮ್ಮ ಸರ್ ಇಬ್ಬರನ್ನು ಕರೆದರು. ಒಬ್ಬಳು ನಾನು. ಇನ್ನೊಬ್ಬಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ಬಿಜಾಪುರದ ಅಕ್ಕ. ಇಬ್ಬರೂ ಕಲಿಯಿರಿ, ದಸರಾ ಕಳೆದ ಮೇಲೆ ಪರದೆಯ ಮುಂದಿನ ಕುರ್ಚಿಗೆ ಒಬ್ಬರನ್ನು ಕಾಯಂ ಮಾಡುತ್ತೇನೆ, ಇನ್ನೊಬ್ಬರು ತಪಾಸಣೆಯ ಬೂತಿಗೆ ಎಂದರು. ಆವತ್ತಿನಿಂದ ಆ ನೀಲಿ ಕುರ್ಚಿಯ ಹೊರತು ನನಗೆ ಬೇರೆ ಕನಸಿರಲಿಲ್ಲ.

ಅವಳ ಗಂಡನಿಗೆ ಕೆ.ಜಿ.ಎಫ್‌ನ ಯಂತ್ರ ಕಾರ್ಖಾನೆಯಲ್ಲಿ ಕೆಲಸ. ಅವಳಿಗೆ ನನಗಿಂತ ಹತ್ತಾರು ವರ್ಷ ಹೆಚ್ಚು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಹಣೆಯ ಮೇಲೆ ವಿಭೂತಿ, ಇಡೀ ಕಾರಿಡಾರಿಗೆ ಕೇಳುವ ನಗು. ನನಗಾದರೆ ಹಾರ್ನ್ ಹೊಡೆದು ಹೊಡೆದು ಅವಸರಪಡಿಸುತ್ತಿದ್ದ ವ್ಯಾನ್ ಡ್ರೈವರ್, ಅವಳ ಕ್ವಾರ್ಟರ್ಸ್ ಮುಂದೆ ಮಾತ್ರ ಇಂಜಿನ್ ಆರಿಸಿ ಕಾಯುತ್ತಿದ್ದ. ಚಿನ್ನದ ಗಣಿಯ ಕಸಮಣ್ಣು ಸುರಿದ ಸೈನೈಡ್ ಗುಡ್ಡದ ಧೂಳು ಎದ್ದ ದಿನ ನಾವೆಲ್ಲ ಕೆಮ್ಮುತ್ತಾ ವ್ಯಾನ್ ಹತ್ತಿದರೆ, ಅವಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಎಲ್ಲರನ್ನೂ ನಗಿಸುತ್ತಿದ್ದಳು. ನನಗೆ ಮೊದಲ ವಾರದಲ್ಲೇ ಅವಳನ್ನು ಕಂಡರೆ ಹೊಟ್ಟೆ ಉರಿಯತೊಡಗಿತ್ತು.

ಕೆಲಸದಲ್ಲಿ ಅವಳು ನನಗಿಂತ ಹೆಚ್ಚೇನಿರಲಿಲ್ಲ, ಇದನ್ನು ಇಂದಿಗೂ ಯಾರ ಎದುರು ಬೇಕಾದರೂ ಹೇಳುತ್ತೇನೆ. ಪರದೆಯ ಮೇಲಿನ ಚಿತ್ರ ಓದುವುದನ್ನು ಇಬ್ಬರೂ ಒಟ್ಟಿಗೇ ಕಲಿತೆವು. ನಡುವಿನ ಬಾಟಲಿಗಳು ಗಾಢ ನೀಲಿ, ಅಂದರೆ ಮಂಜು ಇನ್ನೂ ಇದೆ. ಬಾಗಿಲು, ಗೋಡೆಗಳ ಶಾಖ ತಾಗುವ ಅಂಚಿನ ಸಾಲುಗಳು ಬೇಗ ಬೆಚ್ಚಗಾಗಿ ಹಸಿರು, ಹಳದಿ. ನಾನು ಅದನ್ನು ಪಾಠದಲ್ಲಿದ್ದ ಹಾಗೆ ಅಂಚಿನ ಪರಿಣಾಮ ಎಂದು ಬರೆದೆ. ಅವಳು ಪರದೆ ನೋಡಿದವಳೇ, "ಅಯ್ಯ, ಇಳಕಲ್ ಸೀರಿ ದಡಿ ಇದ್ದಂಗ ಐತಿ ನೋಡವಾ!" ಎಂದಳು. ಅಷ್ಟೇ. ಮರುದಿನದಿಂದ ಸರ್ ಕೂಡ "ದಡಿ ಎಷ್ಟಮ್ಮಾ ಬಂತು?" ಎಂದು ಕೇಳತೊಡಗಿದರು. ಅಂಚಿನ ಪರಿಣಾಮ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಆಮೇಲೆ ಅವಳು ಬಾಟಲಿಯಲ್ಲಿ ಬಿಲ್ಲೆಯ ಸುತ್ತಲಿನ ಅಂಚಿಗೂ ದಡಿ ಅಂದಳು, ಅದೂ ನಿಂತುಬಿಟ್ಟಿತು.

ಒಮ್ಮೆ ಹೊರಗಿನಿಂದ ಯಾರೋ ಕ್ಯಾಮೆರಾ ನೋಡಲು ಬಂದಿದ್ದರು. ವಿವರಿಸುವ ಕೆಲಸ ನನ್ನದು. ಹಿಂದಿನ ದಿನವೆಲ್ಲ ಓದಿಕೊಂಡಿದ್ದೆ. ಅಲೆ, ತರಂಗ ಎಂದು ನಾನು ಹೇಳುತ್ತಾ ಹೋದಂತೆ ಅವರ ಮುಖ ಸಪ್ಪಗಾಗುತ್ತಾ ಹೋಯಿತು. ಅವಳು ಪಕ್ಕದಿಂದ, "ನಿನ್ನೆ ಬಂಗಾರಪೇಟೆ ಪಾನಿಪೂರಿ ತಿಂದ್ರಿಲ್ರೀ ಸರ್? ಆ ಪಾನಿ ಕಣ್ಣಿಗೆ ನಳದ ನೀರ, ಬಾಯಾಗ ಹಾಕ್ಕೊಂಡ್ರ ಬೆಂಕಿ. ಈ ಬಾಟ್ಲಿನೂ ಹಂಗ. ಕಣ್ಣಿಗೆ ಎಲ್ಲಾ ಒಂದ, ಕ್ಯಾಮೆರಾಕ್ಕ ಬ್ಯಾರೆ ಬ್ಯಾರೆ," ಎಂದಳು. ಬಂದವರೆಲ್ಲ ಹೋ ಎಂದು ನಕ್ಕು ತಲೆಯಾಡಿಸಿದರು. ನಾನು ಹುಟ್ಟಿದಾಗಿನಿಂದ ಆ ಬಣ್ಣವಿಲ್ಲದ ಪಾನಿ ಕುಡಿದವಳು. ನಿನ್ನೆ ಮೊನ್ನೆ ಬಂದವಳಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ... ಆ ಸಂಜೆ ವ್ಯಾನಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದೆ.

ಕೊನೆಗೆ ನಮ್ಮಮ್ಮನನ್ನೂ ಗೆದ್ದುಕೊಂಡಳು. ಒಂದು ಭಾನುವಾರ ಹಳ್ಳಿ ನೋಡಬೇಕು ಎಂದು ನನ್ನ ಜೊತೆ ಹೊರಟಳು, ಬೇಡ ಅನ್ನಲಾಗಲಿಲ್ಲ. ಅಮ್ಮ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ಮುಟ್ಟಿ ಬಾವು ಬಂದಿದೆಯೇ ಎಂದು ನೋಡುತ್ತಿದ್ದಳು. ಅಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ನೀವು ಮುಟ್ಟಿ ಜ್ವರ ನೋಡುತ್ತೀರಿ, ನಮ್ಮ ಕ್ಯಾಮೆರಾ ಮುಟ್ಟದೆ ನೋಡುತ್ತದೆ ಎಂದಳು. ತಿಂಗಳುಗಟ್ಟಲೆ ನಾನು ಎಷ್ಟು ಹೇಳಿದರೂ ಅರ್ಥವಾಗದಿದ್ದ ನನ್ನ ಕೆಲಸ ಅಮ್ಮನಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಸಂಜೆ ಬಸ್ಸಿಗೆ ಬಿಡಲು ಬಂದ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಆಯಮ್ಮ ಬಂದ್ರೆ ಮನೆ ತುಂಬ್ದಂಗಾಯ್ತದೆ ಕಣೇ. ನೀನು ಬಂದ್ರೆ ಪೋನ್ ಇಡ್ಕಂಡು ಮೂಲೇಲಿ ಕುಂತ್ಕತೀಯ," ಎಂದಳು. ಹೆತ್ತ ತಾಯಿ! ಕೊಟ್ಟಿಗೆಯ ಹಸು ಕೂಡ ಅವಳ ಕಡೆಗೇ ಕತ್ತು ಚಾಚುತ್ತಿತ್ತು.

ಹೀಗೆ ದಸರಾ ಬಂತು. ನಮ್ಮ ಕಡೆ ಕಾರ್ಖಾನೆಗಳಲ್ಲಿ ಆಯುಧ ಪೂಜೆ ಎಂದರೆ ಎಲ್ಲಕ್ಕೂ ಬೊಟ್ಟು ಬೀಳಬೇಕು. ತಕ್ಕಡಿಗೂ ಬೊಟ್ಟು, ಕಂಪ್ಯೂಟರಿಗೂ ಬೊಟ್ಟು, ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಬೊಟ್ಟು. ಔಷಧ ತುಂಬುವ ಶುದ್ಧ ಕೋಣೆಗಳಿಗೆ ಮಾತ್ರ ಪೂಜೆ ಬಾಗಿಲಾಚೆಯಿಂದಲೇ. ಪ್ರಯೋಗಾಲಯದ ಯಂತ್ರಕ್ಕೆ ಹೊರಮೈಗೆ ಇಟ್ಟುಕೊಳ್ಳಿ ಎಂದು ಸರ್ ಒಪ್ಪಿದ್ದರು. ಅವಳು ಯಂತ್ರದ ನೆತ್ತಿಯ ಕ್ಯಾಮೆರಾವನ್ನು ಸ್ಟ್ಯಾಂಡಿನ ಸಮೇತ ಪಕ್ಕಕ್ಕೆ ತಿರುಗಿಸಿ ಒರೆಸಿದಳು. ಹೊಳೆಯುವ ಆ ಬೂದು ಕಿಟಕಿಯನ್ನು ನೋಡಿ, ಇದೇ ಅಲ್ಲವೇ ಇದರ ಹಣೆ ಎಂದು ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಳು. ಕ್ಯಾಮೆರಾವನ್ನು ಮತ್ತೆ ಕಿಟಕಿಯ ಮೇಲಕ್ಕೆ ತಂದಾಗ ಬೊಟ್ಟು ಅದರ ಕೆಳಗೆ ಮರೆಯಾಯಿತು. ಆಗ ನಾನು ಆಚೆ ಕೋಣೆಯಲ್ಲಿ ಕುಂಬಳಕಾಯಿಗೆ ಅರಿಶಿನ ಬಳಿಯುತ್ತಿದ್ದೆ, ಇದೆಲ್ಲ ತಿಳಿದದ್ದು ಆಮೇಲೆ.

ಹಬ್ಬ ಮುಗಿದು ಯಂತ್ರ ಓಡಿಸಿದಾಗ ಪರದೆಯ ನಡುವೆ, ಎಲ್ಲಕ್ಕಿಂತ ತಂಪಾಗಿರಬೇಕಾದ ಜಾಗದಲ್ಲಿ, ಬೆಚ್ಚನೆಯ ಮಚ್ಚೆ ಕಾಣಿಸಿತು. ಮಸುಕಾಗಿ, ಹರಡಿಕೊಂಡು. ನಡುವಿನ ಬಿಲ್ಲೆಗಳು ಕುಸಿಯುತ್ತಿವೆ ಎಂದು ಸರ್ ಗಾಬರಿಯಾದರು. ಶಾಖ ಇಳಿಸಿದರು. ಮಚ್ಚೆ ಹೋಗಲಿಲ್ಲ. ಇನ್ನೂ ಇಳಿಸಿದರು. ಯಂತ್ರ ಮುಗಿಯದೆ ಓಡುತ್ತಲೇ ಇತ್ತು. ತೆಗೆದು ನೋಡಿದರೆ ಬಿಲ್ಲೆಗಳೆಲ್ಲ ಸರಿಯಾಗೇ ಇದ್ದವು. ಬೇರೆ ಬಾಟಲಿಗಳನ್ನು ತುಂಬಿ ಇಟ್ಟರೆ ಮತ್ತೆ ಅದೇ ಮಚ್ಚೆ. ಅವಳ ಮುಖದಲ್ಲಿ ಮೊದಲ ಸಲ ನಗು ಮಾಯವಾಗಿತ್ತು. ಊಟದ ಡಬ್ಬಿ ತೆರೆಯದೆ ಪರದೆಯ ಮುಂದೆಯೇ ಕೂತಿರುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಚೆನ್ನಾಗಿ ಕಂಡಿತು.

ನನಗೆ ಬೂತಿನ ಪಾಠ ನೆನಪಾದದ್ದು ಎರಡನೆಯ ಸಲ ಮಚ್ಚೆ ಕಂಡಾಗ. ಬಾಟಲಿಗಳು ಬದಲಾದವು, ತಟ್ಟೆಯನ್ನೂ ತಿರುಗಿಸಿ ಇಟ್ಟಿದ್ದೆವು, ಚುಕ್ಕಿ ಮಾತ್ರ ಇದ್ದಲ್ಲೇ ಇದೆ. ಹಾಗಾದರೆ ಅದು ಬಾಟಲಿಯದಲ್ಲ, ಕನ್ನಡಕದ್ದು. ಏಣಿ ಹತ್ತಿ ಕ್ಯಾಮೆರಾ ಸರಿಸಿ ನೋಡಿದೆ. ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಯಾರದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಒಳಗಿನ ಚಳಿಯ ಎದುರು ಕೋಣೆಯ ಶಾಖದ ಆ ಬೊಟ್ಟು ಕ್ಯಾಮೆರಾಕ್ಕೆ ಕೆಂಡದ ಹಾಗೆ ಕಂಡಿತ್ತು. ಕುರ್ಚಿ ಸಿಕ್ಕಿತು ಎಂದುಕೊಂಡೆ. ಸರ್ ಬರಲಿ ಎಂದು ಕಾದೆ. ಎಲ್ಲರೂ ಸೇರಿದ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಕಿಟಕಿಯನ್ನು ತೋರಿಸಿದೆ. ಇದರಲ್ಲಿ ತಪ್ಪೇನಿತ್ತು ಎಂದು ನನಗೆ ಇಂದಿಗೂ ಅನ್ನಿಸಿಲ್ಲ.

ಅವಳು ಕಿಟಕಿಯನ್ನೊಮ್ಮೆ ನೋಡಿದಳು. ಆಮೇಲೆ ಅವಳು ನಗತೊಡಗಿದಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. "ಅಯ್ಯ ನಮ್ಮಪ್ಪ ಶಿವನ! ಹಣಿ ಅಂತ ತಿಳಿದು ಕಣ್ಣಿಗೇ ಬೊಟ್ಟು ಇಟ್ಟೆನಲ್ಲೋ!" ಎಂದಳು. ಸರ್ ನಕ್ಕರು. ಅಲ್ಲಿದ್ದವರೆಲ್ಲ ನಕ್ಕರು. ಅವಳು ನೇರ ನನ್ನ ಬಳಿ ಬಂದು, ಎರಡೂ ಕೈಯಲ್ಲಿ ನನ್ನ ಮುಖ ಸವರಿ ತನ್ನ ನೆತ್ತಿಗೆ ಒತ್ತಿ ನೆಟಿಗೆ ಮುರಿದಳು. "ಎಂಥಾ ಕಣ್ಣ ನೋಡ್ರಿ ಸರ್ ನಮ್ಮ ಹುಡಿಗಿದು. ಯಾರ ದೃಷ್ಟಿನೂ ತಾಕಬಾರದು," ಎಂದಳು. ಗೆದ್ದವಳು ನಾನು, ಎಲ್ಲರೂ ನೋಡುತ್ತಿದ್ದುದು ಅವಳನ್ನು. ತಪ್ಪು ಮಾಡಿದವಳನ್ನು ಜನ ಇಷ್ಟು ಪ್ರೀತಿಸಬಹುದು ಎಂದು ನಾನು ತಿಳಿದಿರಲಿಲ್ಲ.

ವಾರದೊಳಗೆ ಸರ್ ತೀರ್ಮಾನ ಹೇಳಿದರು. ಕುರ್ಚಿ ಅವಳಿಗೆ. ನನ್ನನ್ನು ಕರೆದು ಬಹಳ ಮೆಚ್ಚಿಕೊಂಡೇ ಹೇಳಿದರು: "ಪರದೆ ನೋಡೋರು ಯಾರಾದ್ರೂ ಸಿಗ್ತಾರಮ್ಮಾ. ಇಂಥ ಕಣ್ಣು ಬೂತಲ್ಲಿ ಇಲ್ಲಾಂದ್ರೆ ನಮ್ಮ ಕಂಪ್ನಿ ಗತಿಯೇನು?" ನನ್ನ ಜಾಣತನವೇ ನನ್ನನ್ನು ಮತ್ತೆ ಆ ಕಪ್ಪು-ಬಿಳಿ ಹಲಗೆಗಳ ಮುಂದೆ ಕೂರಿಸಿತು. ಚುಪ್ ಎಂದು ಕೂತಿದ್ದರೆ ಮಚ್ಚೆ ಹಾಗೇ ಇದ್ದು ಅವಳ ಹೆಸರು ಕೆಟ್ಟಿರುತ್ತಿತ್ತೋ ಏನೋ... ಎಷ್ಟೋ ಸಲ ಆ ಲೆಕ್ಕ ಹಾಕಿದ್ದೇನೆ.

ಅವಳಿಗೆ ಇದೆಲ್ಲ ಗೊತ್ತಿತ್ತೇ? ಗೊತ್ತಿದ್ದರೂ ತೋರಿಸಿಕೊಳ್ಳಲಿಲ್ಲ. ಮಧ್ಯಾಹ್ನ ತಪ್ಪದೆ ನನ್ನನ್ನು ಊಟಕ್ಕೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಎದುರಿಗಿಡುತ್ತಿದ್ದಳು. "ತಿನ್ನವಾ ತಂಗಿ, ಯಾಕ ಸೊರಗಾಕತ್ತಿ?" ನನ್ನನ್ನು ಸೊರಗಿಸುತ್ತಿದ್ದುದು ಅವಳೇ ಎಂದು ಹೇಗೆ ಹೇಳುವುದು? ರೊಟ್ಟಿ ಎಷ್ಟು ತೆಳ್ಳಗಿರುತ್ತಿತ್ತೆಂದರೆ, ಅದಕ್ಕೂ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಮನೆಯಲ್ಲಿ ಮಾಡಿ ನೋಡಿದೆ, ಅಂಗೈ ಉರಿದದ್ದೇ ಬಂತು. ಆದರೂ ಊಟದ ಬೆಲ್ ಆದರೆ ಕಣ್ಣು ಮೊದಲು ಅವಳನ್ನೇ ಹುಡುಕುತ್ತಿತ್ತು.

ಕೆಲವು ವರ್ಷ ಕಳೆದು ಅವಳ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡುವ ದಿನ ವ್ಯಾನ್ ಡ್ರೈವರ್ ಸಹ ಕಣ್ಣೊರೆಸಿಕೊಂಡ. ನಾನು ಅಳಲಿಲ್ಲ. ಮಾರನೆಯ ದಿನ ಸರ್ ನನ್ನನ್ನು ಕರೆದು ನೀಲಿ ಕುರ್ಚಿ ತೋರಿಸಿದರು. ಕೊನೆಗೂ ನನ್ನದಾಯಿತು ಎಂದು ಕೂರುವಷ್ಟರಲ್ಲಿ, "ಅವ್ರೇ ಹೇಳಿ ಹೋದ್ರಮ್ಮಾ, ನನ್ನ ತಂಗೀನೇ ಕೂರಿಸ್ಬೇಕು ಅಂತ," ಎಂದರು. ಗೆದ್ದೆ ಎಂದು ಹೇಳಿಕೊಳ್ಳುವ ಸುಖವನ್ನೂ ಅವಳು ನನಗೆ ಬಿಡಲಿಲ್ಲ. ಕುರ್ಚಿ ಅವಳ ಎತ್ತರಕ್ಕೆ ಏರಿಸಿದ ಹಾಗೇ ಇತ್ತು. ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಹೋದ ಬೇಸಿಗೆಯಲ್ಲಿ ಸುದ್ದಿ ಬಂತು. ಬೆಳಗ್ಗೆ ರೊಟ್ಟಿ ತಟ್ಟುತ್ತಾ ಇದ್ದವಳು ಹಾಗೇ ಕುಸಿದಳಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎದೆಬಡಿತ ನಿಂತಿತ್ತಂತೆ. ಪ್ರಯೋಗಾಲಯದಲ್ಲಿ ಎಲ್ಲರೂ ಕೆಲಸ ಬಿಟ್ಟು ನಿಂತರು. ಸರ್ ಮುಖ ಆಚೆ ತಿರುಗಿಸಿಕೊಂಡರು. ಫೋನ್ ಮಾಡಿ ಹೇಳಿದರೆ ಅಮ್ಮ ಹಳ್ಳಿಯಲ್ಲಿ ಕೂತು ಗೋಳೋ ಎಂದು ಅತ್ತಳು. ನಾನು ಸತ್ತರೆ ಇಷ್ಟು ಜನ ಅಳುತ್ತಾರೆಯೇ ಎಂದು ಯೋಚಿಸುತ್ತಾ ನಿಂತಿದ್ದೆ... ನನ್ನ ಕೆನ್ನೆ ಒದ್ದೆಯಾಗಿದೆ ಎಂದು ಪಕ್ಕದವರು ಕರವಸ್ತ್ರ ಕೊಟ್ಟಾಗಲೇ ಗೊತ್ತಾಯಿತು.

ಈಗ ಹೊಸಬರು ಬಂದಿದ್ದಾರೆ. ಅವರಾರೂ ಅವಳನ್ನು ಕಂಡವರಲ್ಲ. "ಮೇಡಂ, ದಡಿ ಬಂತು" ಎಂದು ಕೂಗುತ್ತಾರೆ. ಅಂಚು ಅನ್ನಿ ಎಂದು ತಿದ್ದಿ ತಿದ್ದಿ ಸಾಕಾಗಿದೆ. ನಾನೇ ಆಸ್ಪತ್ರೆಯಲ್ಲಿ ನರ್ಸಮ್ಮನ ಎದುರು ಅಂದದ್ದೂ ಅದನ್ನೇ ಅಲ್ಲವೇ.

ಇವತ್ತು ಇನ್ನೊಂದು ಸೂಜಿ ಮುಗಿಸಿಕೊಂಡು, ನೋಯುವ ತೋಳಲ್ಲೇ ವ್ಯಾನ್ ಹತ್ತಿ ಕೆಲಸಕ್ಕೆ ಹೋದೆ. ಆಯುಧ ಪೂಜೆಗೆ ಯಂತ್ರಗಳನ್ನು ತೊಳೆದು ಒರೆಸುವ ದಿನ. ಪೂಜೆಯ ತಟ್ಟೆ ಮೇಜಿನ ಮೇಲಿತ್ತು. ಬಾಟಲಿಗಳನ್ನಿಡದೆ ಖಾಲಿ ಯಂತ್ರವನ್ನು ತಣ್ಣಗಾಗಿಸಿ ಪರೀಕ್ಷಿಸುತ್ತಿದ್ದೆ, ಪರದೆಯ ತುಂಬ ಒಂದೇ ನೀಲಿ. ಎಲ್ಲರೂ ಊಟಕ್ಕೆ ಹೋಗಿದ್ದರು. ಏಣಿ ಹತ್ತಿದೆ. ಕ್ಯಾಮೆರಾ ಸರಿಸಿ, ಕಿಟಕಿಯ ನಡುವೆ ಕುಂಕುಮದ ಬೊಟ್ಟಿಟ್ಟು, ಮತ್ತೆ ಮುಚ್ಚಿ ಇಳಿದು ಬಂದು ನೋಡಿದೆ. ನೀಲಿಯ ನಡುವೆ ಸಣ್ಣದೊಂದು ಚುಕ್ಕಿ. ಇಷ್ಟೇನಾ? ಅವಳದು ನಡುವಿನ ಸಾಲುಗಳನ್ನೆಲ್ಲ ಆವರಿಸಿತ್ತು. ಬೊಟ್ಟಿನಲ್ಲೂ ಅವಳೇ ಮುಂದೆ ಎಂದು ಹೊಟ್ಟೆ ಉರಿಯಿತು. ಆಮೇಲೆ ನೆನಪಾಯಿತು. ಮತ್ತೆ ಏಣಿ ಹತ್ತಿ, ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಎಳೆದು, ಕ್ಯಾಮೆರಾ ಮುಚ್ಚಿ ಇಳಿದು ಬಂದು ಕುರ್ಚಿಯಲ್ಲಿ ಕೂತೆ.

ಪರದೆಯ ಮೇಲೆ ಮಚ್ಚೆ ಹರಡಿತು. ಬೆಚ್ಚಗೆ, ಮಸುಕಾಗಿ, ಸರಿಯಾಗಿ ಅವಳದರಷ್ಟೇ. ಅಕ್ಕ ಇಲ್ಲ. ಎಂಥ ಕಣ್ಣು ಎಂದು ನೆಟಿಗೆ ಮುರಿಯುವವರು ಇನ್ನು ಯಾರೂ ಇಲ್ಲ. ಊಟದಿಂದ ಎಲ್ಲರೂ ವಾಪಸು ಬರುವುದರೊಳಗೆ ಒರೆಸಬೇಕಿತ್ತು, ಬಟ್ಟೆ ಕೈಯಲ್ಲೇ ಇತ್ತು... ಕಾರಿಡಾರಿನಲ್ಲಿ ಮಾತು ಕೇಳಿಸಿದರೂ ನಾನು ಕುರ್ಚಿಯಿಂದ ಏಳಲಿಲ್ಲ.